ಆಯಿಯ ಬದುಕನ್ನು ಪುಸ್ತಕ ಮಾಡಿದ ಬಗೆ

ನಮ್ಮ ಕಡೆ ಹಿರಿಯ ಹೆಂಗಸೊಬ್ಬಳು ತೀರಿಕೊಂಡರೆ ವೈಕುಂಠ ಸಮಾರಾಧನೆಯ ದಿನವೋ ವರ್ಷಾಂತಿಕದ ದಿನವೋ ಒಂದು ಸಣ್ಣ ಪುಸ್ತಕ ಕೈಗೆ ಬರುವುದುಂಟು. ‘ವಾತ್ಸಲ್ಯಮಯಿ’, ‘ಸಾಧ್ವಿ’, ‘ಅನ್ನಪೂರ್ಣೆ’, ‘ಸಹನಾಮೂರ್ತಿ’ ಎಂಬ ಮಾತುಗಳು ಅದರ ತುಂಬ ಇರುತ್ತವೆ. ಒಂದೂ ಸುಳ್ಳಲ್ಲ. ಆದರೆ ಹೆಸರೊಂದನ್ನು ಬದಲಿಸಿದರೆ ಅದೇ ಪುಟ ಪಕ್ಕದ ಮನೆಗೂ ಹೊಂದುತ್ತದೆ. ಗಂಡ, ಮಕ್ಕಳು, ತೋಟ, ಕೊಟ್ಟಿಗೆ ಎಂದು ಅರವತ್ತು ವರ್ಷ ದುಡಿದವಳ ಬದುಕು ಇನ್ನೊಬ್ಬಳ ಬದುಕಿನ ಹಾಗೆಯೇ ಇರಲು ಸಾಧ್ಯವಿಲ್ಲ. ಆದ್ದರಿಂದ ಆಯಿಯ, ಅಂದರೆ ನಮ್ಮ ಅಮ್ಮನ, ಪುಸ್ತಕಕ್ಕೆ ಕೂತಾಗ ಮಕ್ಕಳು, ಸೊಸೆಯಂದಿರು ಸೇರಿ ಒಂದೇ ಕಟ್ಟಳೆ ಹಾಕಿಕೊಂಡೆವು: ಗುಣ ಬರೆಯುವುದು ಬೇಡ, ಕೆಲಸ ಬರೆಯೋಣ. ಈ ಕಟ್ಟಳೆ ಇಟ್ಟುಕೊಂಡು ಸಾಮಗ್ರಿ ಹೇಗೆ ಕೂಡಿಸಬೇಕಾಯಿತು, ಎಲ್ಲೆಲ್ಲಿ ಕೈಕೊಡುತ್ತದೆ, ಮುದ್ರಣದಲ್ಲಿ ಏನು ನೋಡಿಕೊಳ್ಳಬೇಕು ಎಂಬುದನ್ನು ಇಂಥ ಕೆಲಸಕ್ಕೆ ಕೈಹಾಕುವವರಿಗಾಗಿ ಬರೆದಿಡುತ್ತಿದ್ದೇವೆ.

ಮೊದಲು ಕಾಲದ ಲೆಕ್ಕ. ಹದಿಮೂರನೆಯ ದಿನಕ್ಕೆ ಪುಸ್ತಕ ತರಲು ಹೋಗಬೇಡಿ. ಆ ದಿನಗಳಲ್ಲಿ ಮನೆಯಲ್ಲಿ ಕೂತು ಮಾತಾಡುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ, ಬರುವುದು ಗುಣವಾಚಕಗಳೇ. ವರ್ಷಾಂತಿಕಕ್ಕೆ ಇಟ್ಟುಕೊಂಡರೆ ಹತ್ತು-ಹನ್ನೊಂದು ತಿಂಗಳು ಸಿಗುತ್ತದೆ. ಆದರೆ ವರ್ಷಾಂತಿಕ ತಿಥಿಯಂತೆ ಬರುತ್ತದೆ, ತಾರೀಖಿನಂತಲ್ಲ. ಆಯಿ ತೀರಿಕೊಂಡದ್ದು ಕ್ರೋಧಿ ಸಂವತ್ಸರದ ಮಾಘದಲ್ಲಿ, ಅಂದರೆ 2025ರ ಫೆಬ್ರವರಿಯಲ್ಲಿ. ಮರುವರ್ಷ, ವಿಶ್ವಾವಸು ಸಂವತ್ಸರದ ಮಾಘದಲ್ಲಿ ಅದೇ ತಿಥಿ ಹನ್ನೊಂದು ದಿನ ಮೊದಲೇ ಬರುತ್ತದೆ. ನಡುವೆ ಅಧಿಕಮಾಸ ಬಿದ್ದರೆ ಲೆಕ್ಕ ತಿರುಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 2025ರ ಆಷಾಢದಲ್ಲಿ ತೀರಿಕೊಂಡವರ ವರ್ಷಾಂತಿಕ ತಾರೀಖಿಗಿಂತ ಎರಡು-ಮೂರು ವಾರ ಮುಂದೆ ಹೋಗುತ್ತದೆ. ಪುರೋಹಿತರನ್ನು ಕೇಳಿ ದಿನ ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ಮಲೆನಾಡಿನಲ್ಲಿ ಇನ್ನೂ ಎರಡು ಅಡ್ಡಿಗಳಿವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹೆಂಚಿನ ಮೇಲೆ, ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿನಲ್ಲಿ ಯಾರ ಮಾತನ್ನೂ ಧ್ವನಿಮುದ್ರಿಸಲು ಆಗುವುದಿಲ್ಲ. ನವೆಂಬರಿನಿಂದ ಸಂಕ್ರಾಂತಿ ದಾಟುವವರೆಗೆ ಕೊನೆಕೊಯ್ಲು, ಅಂದರೆ ಅಡಿಕೆಗೊನೆ ಕೊಯ್ಯುವ ಕೆಲಸ. ಯಾರ ಮನೆಯಲ್ಲೂ ಯಾರಿಗೂ ಪುರಸೊತ್ತಿಲ್ಲ. ಹಾಗಾಗಿ ಮಾತಾಡಿಸುವ ಕೆಲಸ ಮಾರ್ಚ್‌ನಿಂದ ಮೇ ಒಳಗೆ, ಬರೆಯುವುದು ಮಳೆಗಾಲದಲ್ಲಿ, ಅಚ್ಚಿಗೆ ಕೊಡುವುದು ದೀಪಾವಳಿಗೆ ಮೊದಲು. ನವೆಂಬರ್, ಡಿಸೆಂಬರ್‌ನಲ್ಲಿ ಪ್ರೆಸ್‌ಗಳಿಗೆ ಕ್ಯಾಲೆಂಡರ್, ಡೈರಿಯ ಕೆಲಸ ಮೈತುಂಬ ಇರುತ್ತದೆ. ಆಗ ಕೊಟ್ಟರೆ ಸಣ್ಣ ಪುಸ್ತಕ ಮೂಲೆಗೆ ಬೀಳುತ್ತದೆ.

ಬದುಕಿನ ಚೌಕಟ್ಟು ಹಾಕಲು ತಾರೀಖು ಬೇಕು. ಆ ತಲೆಮಾರಿನ ಹೆಂಗಸರ ವಿಷಯದಲ್ಲಿ ಇದೇ ಎಲ್ಲಕ್ಕಿಂತ ಕಷ್ಟ. ಆಧಾರ್ ಕಾರ್ಡಿನಲ್ಲಿ ಜನವರಿ 1 ಇದ್ದರೆ ಅದು ಹುಟ್ಟಿದ ದಿನವಲ್ಲ, ಬರೆದವರು ಹಾಕಿದ ದಿನ ಎಂದೇ ತಿಳಿಯಬೇಕು. ರೇಷನ್ ಕಾರ್ಡು, ಮತದಾರರ ಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕು ಮೂರರಲ್ಲಿ ಮೂರು ವಯಸ್ಸು ಇರುತ್ತದೆ. ನಂಬಬಹುದಾದ್ದು ಜಾತಕ. ಅದರಲ್ಲಿ ಇಸವಿ ಇಲ್ಲದಿದ್ದರೂ ಸಂವತ್ಸರ, ಮಾಸ, ತಿಥಿ, ನಕ್ಷತ್ರ ಇರುತ್ತವೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಯಾವ ಸುತ್ತು ಎಂಬುದು ತಾನಾಗಿ ತಿಳಿಯುತ್ತದೆ. ಆಯಿಯದು ತಾರಣ ಸಂವತ್ಸರದ ಶ್ರಾವಣ; ಅದು 1944ರ ಜುಲೈ-ಆಗಸ್ಟ್. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ: ಸಂವತ್ಸರ ಬದಲಾಗುವುದು ಯುಗಾದಿಗೆ. ಅದೇ ತಾರಣದ ಮಾಘದಲ್ಲಿ ಹುಟ್ಟಿದವರ ಇಸವಿ 1945 ಆಗುತ್ತದೆ.

ಜಾತಕ ಸಿಗದಿದ್ದರೆ ಲಗ್ನಪತ್ರಿಕೆ ಹುಡುಕಿ. ತವರಿನವರ ಪೆಟ್ಟಿಗೆಯಲ್ಲಿ, ದೇವರ ಮನೆಯ ಗೂಡಿನಲ್ಲಿ, ಹಳೆಯ ಪಂಚಾಂಗದ ನಡುವೆ ಅದು ಉಳಿದಿರುತ್ತದೆ. ಆಯಿಯ ಮದುವೆ ಶುಭಕೃತ್ ಸಂವತ್ಸರದ ವೈಶಾಖ, ಅಂದರೆ 1962. ಆ ಪತ್ರಿಕೆಯಿಂದಲೇ ಇನ್ನೊಂದು ಸಂಗತಿ ಹೊರಬಂತು: ಅದರಲ್ಲಿದ್ದದ್ದು ಅವಳ ತವರಿನ ಹೆಸರು. ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವ ರೂಢಿ ಇದ್ದ ಮನೆಗಳಲ್ಲಿ ಶಾಲೆಯ ದಾಖಲೆ, ತವರಿನವರ ನೆನಪು, ಹಳೆಯ ಕಾಗದಗಳು ಎಲ್ಲ ಒಂದು ಹೆಸರಲ್ಲಿ. ಪಾಸ್‌ಬುಕ್ಕು, ರೇಷನ್ ಕಾರ್ಡು, ಮರಣಪತ್ರ ಇನ್ನೊಂದು ಹೆಸರಲ್ಲಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಕುವಾಗ ತವರಿನ ಹೆಸರೇ ಕೊಡಬೇಕು. ಇಲ್ಲವಾದರೆ ‘ಅಂಥವರು ಇಲ್ಲಿ ಓದಿಲ್ಲ’ ಎಂಬ ಉತ್ತರ ಸಿಗುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ಎರಡೂ ಹೆಸರು ಒಂದೇ ಗಾತ್ರದಲ್ಲಿ ಬರಬೇಕು ಎಂದು ನಾವು ಹಟ ಹಿಡಿದೆವು. ಹದಿನೇಳು-ಹದಿನೆಂಟು ವರ್ಷ ಅವಳನ್ನು ಕರೆದ ಹೆಸರು ಅದು.

ತವರಿನ ಊರಿನದು ಬೇರೆಯೇ ತೊಡಕು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳಲ್ಲಿ ಹುಟ್ಟಿದವರ ಮನೆ ಎಷ್ಟೋ ಈಗ ಶರಾವತಿಯ ಹಿನ್ನೀರಿನ ಕೆಳಗಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಯಿ ಮದುವೆಯಾಗಿ ಬಂದ ಎರಡು ವರ್ಷಕ್ಕೆ ತವರು ಇಲ್ಲವಾಯಿತು. ಆದರೆ ‘ಮುಳುಗಡೆ ಆದಾಗ’ ಎಂದು ಹಿರಿಯರು ಹೇಳಿದ ಕೂಡಲೇ 1964 ಎಂದು ಬರೆದುಬಿಡಬಾರದು. ಅದಕ್ಕೂ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಅದು ಮುಗಿದದ್ದು 1948ರಲ್ಲಿ. ಲಿಂಗನಮಕ್ಕಿ ತುಂಬಿದ ಮೇಲೆ ಆ ಅಣೆಕಟ್ಟೇ ಮುಳುಗಿತು. ಕಡುಬೇಸಿಗೆಯಲ್ಲಿ ನೀರು ತಗ್ಗಿದರೆ ಈಗಲೂ ಮೇಲೆ ಕಾಣುತ್ತದೆ. ತೊಂಬತ್ತರ ಆಸುಪಾಸಿನವರ ಬಾಯಲ್ಲಿ ಎರಡು ಮುಳುಗಡೆಗಳೂ ಕಲಸಿಕೊಂಡು ಬರುತ್ತವೆ. ‘ಆಗ ಆಯಿಗೆ ಮದುವೆ ಆಗಿತ್ತಾ? ನಿಮಗೆ ಯಾರು ಹುಟ್ಟಿದ್ದರು?’ ಎಂದು ಕೇಳಿದರೆ ಬಿಡಿಸಿಕೊಳ್ಳುತ್ತದೆ.

ಇದಕ್ಕಾಗಿ ಒಂದು ದೊಡ್ಡ ಹಾಳೆಯಲ್ಲಿ ಎರಡು ಸಾಲು ಮಾಡಿಕೊಳ್ಳುವುದು ಬಹಳ ಉಪಯೋಗ. ಎಡಕ್ಕೆ ಎಲ್ಲರಿಗೂ ನೆನಪಿರುವ ಸಂಗತಿಗಳು: 1964 ಲಿಂಗನಮಕ್ಕಿ, 1973 ಮೈಸೂರು ರಾಜ್ಯ ಕರ್ನಾಟಕವಾದದ್ದು, 1974ರ ಭೂಸುಧಾರಣೆ ಮತ್ತು ಗೇಣಿದಾರರು ಭೂಮಿಗಾಗಿ ಕೊಟ್ಟ ಡಿಕ್ಲರೇಷನ್ ಅರ್ಜಿ, 1975ರ ತುರ್ತು ಪರಿಸ್ಥಿತಿ, 1984 ಇಂದಿರಾಗಾಂಧಿ ಹತ್ಯೆ. ಬಲಕ್ಕೆ ಮನೆಯವು: ಮಕ್ಕಳು ಹುಟ್ಟಿದ್ದು, ಕೊಟ್ಟಿಗೆ ಕಟ್ಟಿದ್ದು, ಕರೆಂಟು ಬಂದದ್ದು, ಆಸ್ತಿ ಹಿಸ್ಸೆಯಾದದ್ದು. ಇಸವಿ ಕೇಳಿದರೆ ಯಾರಿಗೂ ನೆನಪಿಲ್ಲ. ‘ಕರೆಂಟು ಬರುವ ಮೊದಲಾ, ಆಮೇಲಾ?’ ಎಂದರೆ ಎಲ್ಲರಿಗೂ ನೆನಪಿದೆ.

ಮುಳುಗಿದ ಊರಿನ ಜಾಗ ತೋರಿಸಲು ಈಗಿನ ಫೋನಿನ ನಕ್ಷೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ನೀರು ಮಾತ್ರ. ಒಂದು ಇಂಚಿಗೆ ಒಂದು ಮೈಲಿಯ ಹಳೆಯ ಸರ್ವೆ ನಕ್ಷೆಯಲ್ಲಿ ಊರು, ಹಳ್ಳ, ಗಾಡಿದಾರಿ ಇರುತ್ತವೆ. ಅದನ್ನು ಎದುರಿಗಿಟ್ಟು ಆಯಿಯ ಚಿಕ್ಕಮ್ಮನಿಂದ ಮನೆ, ತೋಟ, ಶಾಲೆಗೆ ಹೋಗುತ್ತಿದ್ದ ದಾರಿಯನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಸಿದ್ದು ಪುಸ್ತಕದಲ್ಲಿ ಒಂದಿಡೀ ಪುಟ ಬಂದಿದೆ. ಪರಿಹಾರದ ಕಾಗದಗಳಲ್ಲಿ ಅಜ್ಜನ ಹೆಸರು, ಮಾವಂದಿರ ಹೆಸರು ಇದೆ. ಹೆಣ್ಣುಮಕ್ಕಳದು ಒಂದೂ ಇಲ್ಲ. ಆ ನಕ್ಷೆಯ ಗುರುತೇ ಅವಳ ತವರಿನ ದಾಖಲೆ.

ಈಗ ಮುಖ್ಯ ಕೆಲಸಕ್ಕೆ ಬರೋಣ: ಮಾತಾಡಿಸುವುದು. ಎಲ್ಲರಿಗಿಂತ ಹಿರಿಯರನ್ನು ಮೊದಲು. ಮಧ್ಯಾಹ್ನದ ಊಟ, ನಿದ್ದೆ ಮುಗಿದ ಮೇಲೆ, ಚಹಾಕ್ಕೆ ಮೊದಲು ಒಳ್ಳೆಯ ಹೊತ್ತು. ಫ್ಯಾನು ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವಲಿನ ಮೇಲೆ ಮಾತಾಡುವವರಿಂದ ಒಂದೂವರೆ ಅಡಿ ದೂರದಲ್ಲಿಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನ ಹಾಗೆ ಬರುತ್ತದೆ. ಮುಕ್ಕಾಲು ಗಂಟೆಗಿಂತ ಹೆಚ್ಚು ಎಳೆಯಬೇಡಿ. ಒಂದು ಗಂಟೆಯ ಮಾತನ್ನು ಕೇಳಿ ಬರೆದಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಫೋನಿಗೆ ಹೇಳಿ ಬರೆಸುವ ಸೌಲಭ್ಯ ನಮ್ಮ ಆಡುಮಾತಿಗೆ ಒಗ್ಗುವುದಿಲ್ಲ. ‘ಅಡ್ಡಿಲ್ಲೆ’ ಎಂಬುದನ್ನು ಅದು ಏನೇನೋ ಮಾಡುತ್ತದೆ. ಆಯಿಯ ಮಾತೆಂದು ಯಾರಾದರೂ ಹೇಳಿದ್ದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಲೂಬಾರದು. ಬಂದವರಿಗೆ ಅವಳು ಕೇಳುತ್ತಿದ್ದದ್ದು ‘ಆಸ್ರಿಗೆ ಎಂತ ಕೊಡ್ಲಿ?’ ಎಂದು. ‘ಕುಡಿಯಲು ಏನು ಕೊಡಲಿ’ ಎಂದು ಬರೆದರೆ ಅಲ್ಲಿ ಆಯಿ ಇರುವುದಿಲ್ಲ.

ಕೇಳುವ ಪ್ರಶ್ನೆಯ ಮೇಲೆ ಎಲ್ಲ ನಿಂತಿದೆ. ‘ಆಯಿ ಹೇಗಿದ್ದಳು?’ ಎಂದು ಕೇಳಿದರೆ ‘ದೇವರಂಥವಳು’ ಎಂಬ ಉತ್ತರ ಬಂದು ಮಾತು ನಿಲ್ಲುತ್ತದೆ. ‘ಬೆಳಿಗ್ಗೆ ಒಲೆ ಹಚ್ಚುವ ಮೊದಲು ಏನು ಮಾಡುತ್ತಿದ್ದಳು?’ ಎಂದು ಕೇಳಿದರೆ ಬಚ್ಚಲ ಹಂಡೆ, ಕೊಟ್ಟಿಗೆ, ಕರು ಬಿಡುವ ಕ್ರಮ, ಮೊಸರು ಕಡೆಯುವ ಹೊತ್ತು ಒಂದರ ಹಿಂದೆ ಒಂದು ಬರುತ್ತವೆ. ಅಪ್ಪಯ್ಯನ ವಿಷಯದಲ್ಲಿ ಇದು ಬಹಳ ಸ್ಪಷ್ಟವಾಗಿ ಕಂಡಿತು. ಆಯಿಯ ಬಗ್ಗೆ ಅವನು ಹೇಳಿದ್ದು ‘ಅವಳಿದ್ದಳು, ನಡೀತು’ ಎಂಬ ಎರಡೇ ಮಾತು. ಆ ಎರಡು ಮಾತಿನೊಳಗೆ ಎಷ್ಟಿದೆ ಎಂದು ಬಿಡಿಸಲು ಪ್ರಶ್ನೆ ಕೆಲಸದ ಕಡೆ ತಿರುಗಬೇಕಾಯಿತು. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಹಿಂದಿನ ದಿನ ಸುಣ್ಣ ನೆನೆಹಾಕಿದ್ದು ಯಾರು? ಆಯಿ. ಸೋಸಿದ್ದು? ಆಯಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ; ಬೇರೆ ಬೇರೆ ಕರಗಿಸಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು. ಹದ ಬಂತೋ ಇಲ್ಲವೋ ನೋಡಲು ಅವಳು ಕತ್ತಿಯ ಅಲಗನ್ನು ಅದ್ದುತ್ತಿದ್ದಳು. ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಮಳೆ ಹಿಡಿಯುವ ಮೊದಲು ಒಂದು ಔಷಧಿ, ನಲವತ್ತು-ನಲವತ್ತೈದು ದಿನಕ್ಕೆ ಇನ್ನೊಂದು. ಆ ದಿನಗಳ ಲೆಕ್ಕವೂ ಅವಳ ತಲೆಯಲ್ಲೇ. ಮರ ಹತ್ತಿದ ಕೊನೆಗಾರರ ಹೆಸರು ಎಲ್ಲರಿಗೂ ನೆನಪಿತ್ತು. ಔಷಧಿಯ ಹದ ನೋಡಿದವಳ ಹೆಸರು ಈ ಪುಸ್ತಕದಲ್ಲೇ ಮೊದಲ ಸಲ ಬರೆದಾಯಿತು. ಗಂಡನಿಗೆ ಹೆಗಲಾದಳು ಎಂಬ ಮಾತಿಗೆ ನಾವು ಕಂಡ ಅರ್ಥ ಇದು, ಮತ್ತು ಇದನ್ನು ಬರೆದ ಮೇಲೆ ಆ ಮಾತು ಬೇರೆಯಾಗಿ ಬರೆಯಬೇಕಾಗಲಿಲ್ಲ.

ಬರೆದ ಕಾಗದ ಇಲ್ಲ ಎಂದುಕೊಂಡವರು ಗೋಡೆಯ ಕ್ಯಾಲೆಂಡರ್ ಹುಡುಕಬೇಕು. ವರ್ಷ ಮುಗಿದ ಕ್ಯಾಲೆಂಡರನ್ನು ಹೆಂಗಸರು ಎಸೆಯುವುದಿಲ್ಲ. ಡಬ್ಬಿಯ ತಳಕ್ಕೆ, ಕಪಾಟಿನ ಅಡಿಗೆ ಹಾಸುತ್ತಾರೆ. ಒಂದೊಂದು ಚೌಕದಲ್ಲೂ ಅವಳ ಕೈಬರಹ: ಹಸು ಗಬ್ಬ ಕಟ್ಟಿದ ದಿನ, ಕರು ಹಾಕಿದ ದಿನ, ಹಾಲಿನ ಲೆಕ್ಕ, ಸಿಲಿಂಡರ್ ಬಂದದ್ದು, ಮಗಳು ಬಂದದ್ದು, ಹೋದದ್ದು. ಆಯಿ ಡೈರಿ ಬರೆದವಳಲ್ಲ, ಆದರೆ ಈ ಕ್ಯಾಲೆಂಡರ್‌ಗಳೇ ಅವಳ ದಿನಚರಿ. ಒಂದು ವರ್ಷದ್ದನ್ನು ತೆಗೆದುಕೊಂಡು ಹನ್ನೆರಡು ತಿಂಗಳು ಹಾಗೆಯೇ ಇಳಿಸಿದ್ದೇವೆ. ಪುಸ್ತಕದ ಅತಿ ಒಳ್ಳೆಯ ಅಧ್ಯಾಯ ಅದೇ ಎಂಬುದು ನಮ್ಮೆಲ್ಲರ ಅಭಿಪ್ರಾಯ. ಇದರ ಜೊತೆಗೆ ಸ್ತ್ರೀಶಕ್ತಿ ಸಂಘದ ನಡಾವಳಿ ಪುಸ್ತಕ ನೋಡಿ, ಅಲ್ಲಿ ರುಜು ಸಿಗುತ್ತದೆ. ಹಾಡಿನ ಪುಸ್ತಕ ಎಲ್ಲ ಮನೆಯಲ್ಲೂ ಇರುತ್ತದೆ. ಆರತಿ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಎದುರುಗೊಳ್ಳುವ ಹಾಡು ಬರೆದಿಟ್ಟ ನೋಟ್‌ಬುಕ್ಕಿನಲ್ಲಿ ಕಾಗುಣಿತ ತಿದ್ದಲು ಹೋಗಬೇಡಿ. ಕಿವಿಯಿಂದ ಕೇಳಿ ಬರೆದದ್ದು ಅದು; ಅವಳು ಬರೆದಂತೆಯೇ ರಾಗಕ್ಕೆ ಕೂರುತ್ತದೆ.

ಅಡುಗೆಯ ಅಧ್ಯಾಯ ಬರೆಯುವುದು ಕಾಣುವಷ್ಟು ಸುಲಭವಲ್ಲ. ಅಪ್ಪೆಮಿಡಿ (ಎಳೆಮಾವಿನ) ಉಪ್ಪಿನಕಾಯಿಗೆ ಎಷ್ಟು ಉಪ್ಪು ಎಂದರೆ ‘ಮುಚ್ಚುವಷ್ಟು’ ಎಂಬ ಉತ್ತರ. ಇದಕ್ಕೆ ದಾರಿ ಒಂದೇ: ಆಯಿಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತ ಅತ್ತಿಗೆ ತನ್ನ ಅಂದಾಜಿನಲ್ಲೇ ಹಾಕಬೇಕು, ಇನ್ನೊಬ್ಬರು ಡಬ್ಬಿಯನ್ನು ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ತೂಗಿ ವ್ಯತ್ಯಾಸ ಬರೆಯಬೇಕು. ಹಾಗೆ ತೂಗಿದಾಗ ಒಂದು ಕೆಜಿ ಮಿಡಿಗೆ 250 ಗ್ರಾಂ ಕಲ್ಲುಪ್ಪು, 150 ಗ್ರಾಂ ಒಣಮೆಣಸು, 75 ಗ್ರಾಂ ಸಾಸಿವೆ ಬಂತು. ತೂಕಕ್ಕಿಂತ ಮುಖ್ಯವಾದದ್ದು ಕಾರಣ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಿಸುತ್ತಿದ್ದಳು, ನೆಲಕ್ಕೆ ಬಿದ್ದದ್ದನ್ನು ಸೇರಿಸುತ್ತಿರಲಿಲ್ಲ. ಸೊನೆ ಸೋರಿದರೆ ಪರಿಮಳ ಹೋಗುತ್ತದೆ, ಪೆಟ್ಟು ತಿಂದದ್ದು ಮೆತ್ತಗಾಗಿ ಇಡೀ ಭರಣಿ ಕೆಡಿಸುತ್ತದೆ. ಉಪ್ಪಿನಲ್ಲಿ ಮಿಡಿ ಚಿರುಟುವವರೆಗೆ ಕಾಯಬೇಕು. ಆಮೇಲೆ ಬಿಟ್ಟ ನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಮಸಾಲೆ ರುಬ್ಬಬೇಕು. ಆರುವ ಮೊದಲೇ ಹಾಕಿದರೆ ಮಿಡಿ ಬೆಂದಂತಾಗುತ್ತದೆ. ಪಾವು, ಸೇರು ಊರಿಂದ ಊರಿಗೆ ಬೇರೆ. ಆಯಿ ಬಳಸಿದ ಪಾವನ್ನೇ ಅಕ್ಕಿ ತುಂಬಿ ತೂಗಿ, ಆ ತೂಕವನ್ನು ಅಧ್ಯಾಯದ ತಲೆಯಲ್ಲಿ ಬರೆದರೆ ಮೊಮ್ಮಕ್ಕಳಿಗೆ ಅನುಕೂಲ.

ಫೋಟೋಗಳ ಮಾತು. ಆ ಕಾಲದ ಹೆಂಗಸರ ಒಂಟಿ ಫೋಟೋ ಸಿಗುವುದು ಅಪರೂಪ. ಉಪನಯನ, ಮದುವೆಯ ಗುಂಪಿನ ಚಿತ್ರದಲ್ಲಿ ಅಂಚಿಗೆ ನಿಂತಿರುತ್ತಾರೆ, ಇಲ್ಲವೇ ಅಡುಗೆಮನೆಯ ಬಾಗಿಲಲ್ಲಿ. ಹಾಗಾಗಿ ನೆಂಟರ ಆಲ್ಬಮ್ಮುಗಳನ್ನೂ ಕೇಳಿ ತರಿಸಿ. ಸಾಧಾರಣ ಅಳತೆಯ ಹಳೆಯ ಚಿತ್ರವನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ), ಪಾಸ್‌ಪೋರ್ಟ್ ಅಳತೆಯದನ್ನು 1200ರಲ್ಲಿ ಸ್ಕ್ಯಾನ್ ಮಾಡಿ ಟಿಫ್ (TIFF) ಕಡತವಾಗಿ ಉಳಿಸಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆಯಲೇಬಾರದು, ಮುಖದ ಪದರವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ನೆರಳಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಕ್ಯಾಮೆರಾ ಸಮಾನಾಂತರ ಹಿಡಿದು ತೆಗೆಯಿರಿ. ಅಂಟಿನ ಹಾಳೆಯ ಆಲ್ಬಮ್ಮಾದರೆ ಹಲ್ಲುಸಂದಿ ಉಜ್ಜುವ ದಾರವನ್ನು (ಫ್ಲಾಸ್) ಫೋಟೋದ ಅಡಿಗೆ ನಿಧಾನ ಎಳೆದರೆ ಬಿಡುತ್ತದೆ. ಹಿಂಬದಿಗೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ ಮಾತ್ರ. ಗುಂಪಿನ ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ತಲೆಗೊಂದು ನಂಬರು ಹಾಕಿ, ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಮೊದಲು ಮಾತಾಡಿದವರ ಮಾತಿಗೆ ಉಳಿದವರು ಹೂಂಗುಡುತ್ತಾರೆ.

ಅಕ್ಷರಜೋಡಣೆಯಲ್ಲಿ ಕನ್ನಡಕ್ಕೆ ವಿಶೇಷವಾದ ಪೇಚು ಇದೆ. ನೆಂಟರು ಲೇಖನ ಕಳಿಸುವುದು ಫೋನಿನಿಂದ, ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರಸಂಕೇತದಲ್ಲಿ. ಊರಿನ ಡಿಟಿಪಿ ಅಂಗಡಿಗಳಲ್ಲಿ ಎಷ್ಟೋ ಕಡೆ ಇನ್ನೂ ಪೇಜ್‌ಮೇಕರ್, ನುಡಿಯ ಹಳೆಯ ಫಾಂಟು. ಅದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ‘ಕಾರ್ಯ’, ‘ಸೂರ್ಯ’, ‘ರ‍್ಯಾಂಕ್’ನಂಥ ಪದಗಳನ್ನು ಹುಡುಕಿ ನೋಡಬೇಕು. ಇಡೀ ಪುಸ್ತಕವನ್ನು ಯೂನಿಕೋಡ್‌ನಲ್ಲೇ ಉಳಿಸಿಕೊಳ್ಳುವುದು ಮೇಲು. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಾದರೆ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆ ಆರಿಸಿರಬೇಕು, ಇಲ್ಲದಿದ್ದರೆ ಒತ್ತು, ಕೊಂಬು ಬೇರ್ಪಟ್ಟು ನಿಲ್ಲುತ್ತವೆ. ಲಿಬ್ರೆಆಫೀಸ್ ತಂತ್ರಾಂಶ, ನೋಟೊ ಸೆರಿಫ್ ಕನ್ನಡ ಫಾಂಟು ಎರಡೂ ಉಚಿತ, ಇಷ್ಟು ಪುಸ್ತಕಕ್ಕೆ ಸಾಕು. ಓದುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. 13 ಪಾಯಿಂಟಿಗಿಂತ ಚಿಕ್ಕ ಅಕ್ಷರ ಬೇಡ. ಕರಡು ತಿದ್ದುವಾಗ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಮೂಲ ಹಿಡಿದು ನೋಡಬೇಕು. ಹೆಸರು, ಇಸವಿಗಳಿಗೆ ಇನ್ನೊಂದು ಸುತ್ತು ಪ್ರತ್ಯೇಕ.

ಪುಸ್ತಕದ ಅಳತೆ ಡೆಮಿ 1/8, ಸಾಧಾರಣ ಕಾದಂಬರಿಗಳ ಅಳತೆ. ಪುಟಗಳು ಒಟ್ಟಿಗೆ ಅಚ್ಚಾಗಿ ಮಡಚುವ ಹದಿನಾರು ಪುಟದ ಕಟ್ಟಿನ, ಅಂದರೆ ಫಾರಂ ಲೆಕ್ಕದಲ್ಲಿ ಬರುತ್ತವೆ: 96 ಪುಟ ಎಂದರೆ ಆರು ಫಾರಂ. 97 ಆದರೆ ಕಾಗದಕ್ಕೂ ದುಡ್ಡಿಗೂ ನಷ್ಟ. ಒಳಪುಟಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮ್ಯಾಪ್ಲಿಥೋ ಕಾಗದ, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್, ಮ್ಯಾಟ್ ಲ್ಯಾಮಿನೇಷನ್. ಮ್ಯಾಪ್ಲಿಥೋ ಶಾಯಿ ಹೀರುವುದರಿಂದ ಕಪ್ಪುಬಿಳುಪು ಚಿತ್ರ ಪರದೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗಿ ಬರುತ್ತದೆ. ಮೊದಲೇ ತುಸು ತಿಳಿಯಾಗಿಸಬೇಕು, ಇಲ್ಲವೇ ಚಿತ್ರಗಳನ್ನೆಲ್ಲ 130 ಜಿಎಸ್‌ಎಂ ಆರ್ಟ್ ಪೇಪರಿನ ಎಂಟು ಪುಟಕ್ಕೆ ಕೂಡಿಸಬೇಕು. ನಾವು ಎರಡನೆಯದು ಮಾಡಿದೆವು. ಮುನ್ನೂರಕ್ಕಿಂತ ಕಡಿಮೆ ಪ್ರತಿಯಾದರೆ ಡಿಜಿಟಲ್ ಮುದ್ರಣ, ಐನೂರು ದಾಟಿದರೆ ಆಫ್‌ಸೆಟ್ ಅಗ್ಗ. ಬೈಂಡಿಂಗ್ ಬರೀ ಅಂಟಿನದು ಬೇಡ. ಮಲೆನಾಡಿನ ಥಂಡಿಗೆ ಎರಡು ಮಳೆಗಾಲದಲ್ಲಿ ಹಾಳೆ ಕಿತ್ತು ಬರುತ್ತವೆ. ಫಾರಂ ಫಾರಂ ದಾರದಲ್ಲಿ ಹೊಲಿದು ಆಮೇಲೆ ಅಂಟು ಹಾಕಲು ಹೇಳಿ. ಸ್ವಲ್ಪ ಖರ್ಚು ಹೆಚ್ಚು, ಆದರೆ ಈ ಪುಸ್ತಕ ಮೊಮ್ಮಕ್ಕಳ ಕೈಗೆ ಹೋಗಬೇಕಾದದ್ದು.

ಅಚ್ಚಿಗೆ ಕಳಿಸುವ ಮೊದಲು ದಾಖಲೆಗಳ ಚಿತ್ರದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಯಾರ ಫೋನ್ ನಂಬರೂ ಉಳಿದಿಲ್ಲವೆಂದು ನೋಡಿ. ಹಿಸ್ಸೆಯ ಜಗಳ, ಕಾಯಿಲೆಯ ವಿವರ ಬರೆಯಬೇಕೋ ಬೇಡವೋ ಎಂಬುದರ ಮೇಲೆ ಎಲ್ಲ ಮನೆಯಲ್ಲೂ ಮಾತು ಬರುತ್ತದೆ. ಬದುಕಿರುವವರ ಬಗ್ಗೆ ಬರೆದದ್ದನ್ನು ಅವರಿಗೇ ಓದಿ ಹೇಳಿ, ಬೇಡವೆಂದರೆ ತೆಗೆದುಬಿಡಿ. ಕಾಯಿಲೆಯ ದಿನಗಳಿಗೆ ಒಂದು ಪುಟ ಸಾಕು. ಎಂಬತ್ತು ವರ್ಷದಲ್ಲಿ ಕೊನೆಯ ಕೆಲವು ತಿಂಗಳು ಪುಸ್ತಕದ ಅರ್ಧ ತಿನ್ನಬಾರದು.

ಪ್ರತಿಗಳನ್ನು ವರ್ಷಾಂತಿಕದ ಊಟದ ಆಮೇಲೆ ತಾಂಬೂಲದ ಜೊತೆ ಕೊಡಿ. ಮೊದಲೇ ಕೊಟ್ಟರೆ ಪಂಕ್ತಿಯಲ್ಲಿ ಬಿಟ್ಟು ಹೋಗುತ್ತಾರೆ. ತವರಿನ ಕಡೆಯವರಿಗೆ, ಕೆಲಸಕ್ಕೆ ಬರುತ್ತಿದ್ದವರ ಮನೆಗಳಿಗೆ, ಊರಿನ ಗ್ರಂಥಾಲಯಕ್ಕೆ ತಪ್ಪದೆ ಮುಟ್ಟಿಸಬೇಕು. ಧ್ವನಿಯ ಕಡತ, ಸ್ಕ್ಯಾನು, ಪುಸ್ತಕದ ಪಿಡಿಎಫ್ ಎರಡು ಬೇರೆ ಮನೆಗಳಲ್ಲಿ ಎರಡು ಹಾರ್ಡ್ ಡಿಸ್ಕಿನಲ್ಲಿರಲಿ. ಪುಸ್ತಕ ಓದಿದ ಮೇಲೆ ಮೊದಲ ತಿಂಗಳು ಫೋನು ಬರುತ್ತಲೇ ಇರುತ್ತದೆ: ಆ ಫೋಟೋದಲ್ಲಿ ಎಡದಿಂದ ಮೂರನೆಯವಳು ಇಂಥವಳು, ಆ ಹಾಡಿಗೆ ಇನ್ನೊಂದು ನುಡಿ ಇದೆ, ಉಪ್ಪಿನಕಾಯಿಗೆ ಅವಳು ಇಂಗನ್ನೂ ಹಾಕುತ್ತಿದ್ದಳು. ಇದಕ್ಕೆಂದು ಬೇರೆ ನೋಟ್‌ಬುಕ್ ಇಟ್ಟು, ಹೇಳಿದವರ ಹೆಸರು, ತಾರೀಖಿನ ಸಮೇತ ಬರೆದುಕೊಂಡು, ತಿಂಗಳ ಕೊನೆಗೆ ಮೂಲ ಕಡತದಲ್ಲಿ ಸೇರಿಸಬೇಕು.